ಒರೆಸಿದ ಬಂಡೆ

ಹೊನಗಾಲದ ಕೆರೆಯ ಏರಿಯ ಮೇಲೆ, ತೂಬಿಗೆ ಇಳಿಯುವಲ್ಲಿ, ನಾಲ್ಕು ಜನ ಕೂರುವಷ್ಟು ಅಗಲದ ಕರಿಬಂಡೆಯೊಂದಿದೆ. ಅದಕ್ಕೆ ಒರೆಸಿದ ಬಂಡೆಯೆಂದು ಹೆಸರು. ಇತಿಹಾಸ ಓದುವ ಕೊನೆಯ ವರ್ಷದ ಮಕ್ಕಳು ಪ್ರಬಂಧಕ್ಕೆ ವಿಷಯ ಹುಡುಕಿಕೊಂಡು ಬರುತ್ತಾರೆ. ಯಾರೋ ಶಾಸನ ಅಳಿಸಿರಬೇಕೆಂದು ಬಂಡೆಗೆ ನೀರು ಸುರಿದು, ಸುಣ್ಣ ಸವರಿ ನೋಡುತ್ತಾರೆ. ಪಾಪ, ಅದರ ಮೇಲೆ ಯಾರೂ ಎಂದೂ ಒಂದಕ್ಷರ ಕೆತ್ತಿಲ್ಲ.

ಹಿಂದೊಮ್ಮೆ ಇಲ್ಲೊಂದು ಮಠವಿತ್ತು. ಅಲ್ಲಿ ಓದು ಮುಗಿಸುವವರು ಸುತ್ತಲಿನ ಯಾವುದಾದರೊಂದರ ಚರಿತ್ರೆ ಬರೆದು ಒಪ್ಪಿಸಬೇಕಿತ್ತಂತೆ. ಬರೆಯುವುದು ಕಡತದಲ್ಲಿ, ಅಂದರೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಸಿದ ಕಪ್ಪು ಬಟ್ಟೆಯ ಮೇಲೆ, ಬಳಪದಿಂದ. ಸಭೆಗೆ ಮೊದಲು ಊರಿನ ಹಿರಿಯರೊಬ್ಬರಿಗೆ ಓದಿ ಹೇಳಬೇಕು; ಅವರು ಒಪ್ಪದ ಸಾಲನ್ನು ಬರೆದವನೇ ಅಂಗೈಯಿಂದ ಒರೆಸಬೇಕು. ಕೇತಣ್ಣನೆಂಬ ಜಾಣನ ಪಾಲಿಗೆ ಈ ಕೆರೆ ಬಂತು. ಅವನಿಗೋ ಕಾಲು ನೆಲದ ಮೇಲೆ ನಿಲ್ಲದ ಅವಸರ. ಚರಿತ್ರೆ ಮೆಚ್ಚುಗೆಯಾದರೆ ಪಾಳೆಯಗಾರರ ಓಲಗದಲ್ಲಿ ಬರವಣಿಗೆಯ ಕೆಲಸವೆಂದು ಮಾತಾಗಿತ್ತು. ಹಾಗಾಗಿ ಅವನು ಕೊನೆಯ ಸಾಲನ್ನೇ ಮೊದಲು ಬರೆದ: 'ಈ ಕೆರೆಯನ್ನು ಪಾಳೆಯಗಾರರ ತಾತನವರೊಬ್ಬರೇ ಕಟ್ಟಿಸಿದರು.' ಆಮೇಲೆ ಅದಕ್ಕೆ ಆಧಾರ ಬೇಕೆಂದು ಹಳೆಯ ಓಲೆಗರಿಗಳನ್ನು ತಡಕಾಡಿದ. ಊಟ ಸೇರದು, ಕೂತಲ್ಲಿ ಕೂರಲಾರ. ಬರೆದ, ಜಾಗ ಬದಲಿಸಿದ, ಮತ್ತೆ ಬರೆದ. ಏನೋ ಒಂದು ಮನಸ್ಸನ್ನು ಕೊರೆಯುತ್ತಲೇ ಇತ್ತು. ಓಲೆಗಳಲ್ಲಿ ಹೊಗಳಿಕೆ ಬೇಕಾದಷ್ಟಿತ್ತು, ಕಲ್ಲು ಎಲ್ಲಿಂದ ಬಂತೆಂಬುದು ಮಾತ್ರ ಎಲ್ಲೂ ಇರಲಿಲ್ಲ.

ಏರಿಯ ಮೇಲೆಯೇ ಸಭೆ. ಅಂದು ಬೆಳಿಗ್ಗೆ ಆ ಬಂಡೆಯ ಮೇಲೆ ಕೂತು ಬಾಚವ್ವನೆಂಬ ಮುದುಕಿಗೆ ಗಡಿಬಿಡಿಯಲ್ಲಿ ಓದಿ ಹೇಳಿದ. ಎಲ್ಲ ಕೇಳಿಸಿಕೊಂಡ ಅವಳು, "ತೂಬಿಗೆ ಇಳಿದು ನೋಡಿದ್ಯೇನಪ್ಪಾ?" ಎಂದಳು. ನೋಡಿರಲಿಲ್ಲ. ನಾಚಿಕೊಂಡು ಇಳಿದ. ಬೇಸಿಗೆ, ನೀರು ತಳ ಕಂಡಿತ್ತು. ತೂಬಿನ ಗೋಡೆಯ ತುಂಬ ಬೀಸುವ ಕಲ್ಲುಗಳು!

"ಕಲ್ಲು ಸಾಲ್ದೆ ಹೋದಾಗ ಮನೆಮನೆಯಿಂದ ಕೊಟ್ರು," ಎಂದಳು ಬಾಚವ್ವ. "ಮೂರನೇ ಸಾಲಿಂದು ನಮ್ಮವ್ವಂದು. ಸಾಯೋಗಂಟ ಪಕ್ಕದೂರಿಗೆ ಹೋಗಿ ಹಿಟ್ಟು ಬೀಸ್ಕೊಂಡು ಬರ್ತಿದ್ಲು."

ಅಷ್ಟರಲ್ಲಿ ಗುರುಗಳೂ ಪಾಳೆಯಗಾರರ ಕಡೆಯವರೂ ಬಂದು ನೆರೆದರು. ಕೆಲಸ ಬೇಕಿತ್ತು ಕೇತಣ್ಣನಿಗೆ, ತುಂಬ ಬೇಕಿತ್ತು. ಬಾಚವ್ವ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಕಡತವನ್ನು ಬಂಡೆಯ ಮೇಲೆ ಹರಡಿ, ಎಲ್ಲರೆದುರಿಗೆ ಆ ಕೊನೆಯ ಸಾಲನ್ನು ಒರೆಸಿಬಿಟ್ಟ. ಓಲಗದ ಕೆಲಸ ಅಲ್ಲಿಗೇ ಕೈತಪ್ಪಿತು. ಗುರುಗಳು ಮಾತ್ರ ಹೊಸ ಬಳಪವೊಂದನ್ನು ಅವನ ಕೈಗಿಟ್ಟು, "ಇನ್ನು ಬರಿಯಪ್ಪ" ಎಂದರಂತೆ. ಬಂಡೆಗೆ ಆ ಹೆಸರು ಬಂದದ್ದು ಅಂದಿನಿಂದ ಎನ್ನುತ್ತಾರೆ.

ಕೇತಣ್ಣನ ಕಡತ ಈಗ ಉಳಿದಿಲ್ಲ. ಆದರೆ ಬೇಸಿಗೆಯಲ್ಲಿ ನೀರಿಳಿದಾಗ ತೂಬಿನ ಮೂರನೆಯ ಸಾಲಿನಲ್ಲಿ ನುಣ್ಣಗೆ ಸವೆದ ಬೀಸುವ ಕಲ್ಲೊಂದು ಕಾಣುತ್ತದೆ. ಬಂಡೆಗೆ ಸುಣ್ಣ ಸವರಿ, ಏನೂ ಸಿಗದೆ ಕೈ ಕೊಡವಿಕೊಂಡು ಹೊರಡುವ ಮಕ್ಕಳನ್ನು ಊರವರು ಇಂದಿಗೂ ಒಂದೇ ಮಾತು ಕೇಳಿ ತಡೆಯುತ್ತಾರೆ:

"ತೂಬಿಗೆ ಇಳಿದು ನೋಡಿದ್ರಾ?"