ಕತ್ತೆಗೆ ಬೇಕಾದ ನೆರಳು

ಕುರಿ ಮೇಯಿಸುತ್ತ ಊರೂರು ಅಲೆಯುವ ಮಾಳಪ್ಪ, ಮೊಬೈಲ್ ಚಾರ್ಜಿಗೆಂದು ತನ್ನ ಕತ್ತೆಯ ಬೆನ್ನಿಗೆ ಸೋಲಾರ್ ಪ್ಲೇಟೊಂದನ್ನು ಕಟ್ಟಿದ್ದ. ಮಟಮಟ ಮಧ್ಯಾಹ್ನ ಕತ್ತೆ ಬೇವಿನ ಮರದಡಿ ನಿಂತುಬಿಟ್ಟಿತು.

"ಅಕ್ಕಾ, ಎರಡು ಹೆಜ್ಜೆ ಬಿಸಿಲಿಗೆ ಸರಿ. ಮುಂದಿನ ಊರಲ್ಲೂ ಕರೆಂಟಿನ ಭರವಸೆಯಿಲ್ಲ" ಎಂದಿತು ಪ್ಲೇಟು.

"ಮೊಬೈಲು ಮಾಳಪ್ಪನದು, ಸುಡುವ ಬೆನ್ನು ನನ್ನದು. ಇದರಲ್ಲಿ ನನಗೇನು ಬಂತು?" ಎಂದ ಕತ್ತೆ ಕದಲಲಿಲ್ಲ.

ಮುಸ್ಸಂಜೆಗೆ ಕತ್ತೆಯ ಮರಿ ಹೊಟ್ಟೆ ಉಬ್ಬರಿಸಿ ನೆಲಕ್ಕೆ ಬಿದ್ದು ಒದ್ದಾಡಿತು. ದನದ ಡಾಕ್ಟರನ್ನು ಕರೆಯಲು ಮಾಳಪ್ಪ ಮೊಬೈಲ್ ತೆಗೆದರೆ ಅದರಲ್ಲಿ ಚಾರ್ಜೇ ಇಲ್ಲ. ಕತ್ತೆ ಎದ್ದೆನೋ ಬಿದ್ದೆನೋ ಎಂದು ಬಯಲಿಗೆ ಓಡಿ ಬೆನ್ನೊಡ್ಡಿ ನಿಂತಿತು. "ತಗೋ, ಎಷ್ಟು ಬೇಕೋ ಅಷ್ಟು ಬಿಸಿಲು ಕುಡಿ!"

ಪ್ಲೇಟು ಮೆಲ್ಲಗೆ ಹೇಳಿತು: "ಹೊತ್ತು ಮುಳುಗಿತಲ್ಲ ಅಕ್ಕಾ. ಈಗ ನೀನು ಎಲ್ಲಿ ನಿಂತರೂ ನೆರಳೇ."