ಬೇರೆಯವರ ಬುತ್ತಿ

ಹೊಳೆಯ ದಂಡೆಗೆ ಒಂದು ಮಠ, ಮಠದ ಹಿಂದೆ ಒಂದು ಗುಡ್ಡ. ಗುಡ್ಡದ ನೆತ್ತಿಯಲ್ಲಿ ಗುಡಿಯಿಲ್ಲ, ಗದ್ದುಗೆಯಿಲ್ಲ, ಬರೀ ಗಾಳಿ. ಆದರೂ ಅಮಾವಾಸ್ಯೆ ಬಂತೆಂದರೆ ಜನ ಅದನ್ನು ಹತ್ತುತ್ತಿದ್ದರು.

ಹತ್ತುವವರು ಉಳ್ಳವರಲ್ಲ. ಇಟ್ಟಿಗೆ ಭಟ್ಟಿಯವರು, ಹಮಾಲರು, ಕಸಬರಿಗೆ ಕಟ್ಟುವ ಹೆಂಗಸರು. ಅಮಾವಾಸ್ಯೆಗೆ ಕೆಲಸವಿಲ್ಲ. ಅಂದು ಮನೆಯಲ್ಲಿ ಕೂತರೆ ಚಿಂತೆಯೂ ಬಂದು ಎದುರಿಗೆ ಕೂರುತ್ತದೆ ಎಂದು ಮಠದ ಅಜ್ಜಾರು ಅವರನ್ನೆಲ್ಲ ಕರೆದುಕೊಂಡು ಹೊರಡುತ್ತಿದ್ದರು. ಪ್ರವಚನವಿಲ್ಲ, ಭಜನೆಯಿಲ್ಲ. ನಡೆಯುವುದು, ಮೇಲೆ ಕೂತು ಉಣ್ಣುವುದು, ಇಳಿಯುವುದು.

ಇದ್ದದ್ದು ಒಂದೇ ಕಟ್ಟಳೆ. ತಂದ ಬುತ್ತಿಗಂಟನ್ನು ಗುಡ್ಡದ ಬುಡದ ಕಲ್ಲಿನ ಮೇಲೆ ಇಡಬೇಕು. ತನ್ನ ಗಂಟನ್ನು ತಾನೇ ಹೊರುವಂತಿಲ್ಲ, ಬೇರೆಯವರದ್ದನ್ನು ಎತ್ತಿಕೊಳ್ಳಬೇಕು. ಮೇಲೆ ಮುಟ್ಟಿದ ಮೇಲೆ ಗಂಟು ಅವರವರ ಕೈಗೆ.

ಯಾತಕ್ಕೆಂದು ಯಾರೂ ಕೇಳಿರಲಿಲ್ಲ. ಶಿಷ್ಯ ಚನ್ನಮಲ್ಲನೂ ಕೇಳಿರಲಿಲ್ಲ. ಒಳ್ಳೆಯ ಹುಡುಗ. ಕರುಳು ಮೆತ್ತಗೆ, ಕಾಲು ಗಟ್ಟಿ. ಯೋಚನೆ ಮಾತ್ರ ಕಾಲಿನ ಹಿಂದೆ ನಿಧಾನಕ್ಕೆ ಬರುತ್ತಿತ್ತು.

ಒಂದು ವರ್ಷ ಫಕೀರವ್ವನೂ ಬರತೊಡಗಿದಳು. ಕಸಬರಿಗೆ ಕಟ್ಟುವ ಹೆಂಗಸು. ಬೆಳೆದ ಮಗಳು ಜ್ವರದಲ್ಲಿ ತೀರಿಕೊಂಡಾಗ ಗೋಡೆಗೆ ಮುಖ ಮಾಡಿ ಕೂತವಳು. ಓಣಿಯವರು ಉಣಿಸಿದರೆ ಎರಡು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ಈಕೆ ಉಳಿಯುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಹೇಗೋ ಗುಡ್ಡಕ್ಕೆ ಕರೆತಂದರು. ಬಂದಳು. ಮತ್ತೆ ಬಂದಳು. ಮೇಲೆ ಕೂತು ಆಕೆ ಇಡೀ ರೊಟ್ಟಿ ಉಂಡ ದಿನ, ಪಕ್ಕದ ಮನೆಯ ಹಮಾಲ ಹುಸೇನಸಾಬ ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡ.

ಮುಂದಿನ ಅಮಾವಾಸ್ಯೆಗೆ ದಟ್ಟ ಮಂಜು. ಮುಂದಿನವರ ಬೆನ್ನು ಕಂಡಂತಾಗಿ ಕರಗುತ್ತಿತ್ತು. ಫಕೀರವ್ವನ ಕೈಗೆ ಹುಸೇನಸಾಬನ ಗಂಟು ಬಂದಿತ್ತು. ಹಮಾಲನ ಊಟ, ಭಾರವೇ. ಆಕೆ ಏದುಸಿರು ಬಿಡುವುದನ್ನು ಕೇಳಿ ಚನ್ನಮಲ್ಲನ ಕರುಳು ಚುರ್ ಎಂದಿತು.

“ಯವ್ವಾ, ಆ ಗಂಟು ಇತ್ತ ಕೊಡ್ರಿ.”

“ಬ್ಯಾಡ ಬಿಡಪಾ. ಹುಸೇನಣ್ಣಂದು, ನಾ ಒಯ್ತೀನಿ.”

“ನಿಮಗ ದಮ್ಮು ಹತ್ತೈತಿ. ಹಗುರಾಗಿ ಬರ್ರಿ.”

ಕಸಿದುಕೊಂಡೇ ಬಿಟ್ಟ. ಒಳ್ಳೆಯ ಕೆಲಸ ಮಾಡಿದೆ ಎಂಬ ಹುರುಪಿನಲ್ಲಿ ಎಲ್ಲರಿಗಿಂತ ಮೊದಲು ಮೇಲೆ ಮುಟ್ಟಿದ.

ಒಬ್ಬೊಬ್ಬರೇ ಮಂಜಿನಿಂದ ಹೊರಬಂದರು. ಫಕೀರವ್ವ ಬರಲಿಲ್ಲ. ಅರ್ಧ ದಾರಿಯಿಂದಲೇ ತಿರುಗಿ ಹೋಗಿದ್ದಳು.

ಮರುದಿನದಿಂದ ಮತ್ತೆ ಗೋಡೆ.

ಚನ್ನಮಲ್ಲ ಆಕೆಯ ಮನೆಗೆ ಹೋಗಿ ಹೊಸ್ತಿಲಲ್ಲಿ ಕೂತ. ಹುಟ್ಟು, ಸಾವು, ಮಾಯೆ ಎಂದು ಗೊತ್ತಿದ್ದದ್ದನ್ನೆಲ್ಲ ಹೇಳಿದ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು.

“ನಡ್ಯಾಕ ಆಗದಿದ್ರ ಬಿಡ್ರಿ ಯವ್ವಾ. ನಾಕ ಮಂದಿ ಸೇರಿ ಹೊತ್ಕೊಂಡು ಒಯ್ತೀವಿ.”

ಫಕೀರವ್ವ ಗೋಡೆಯ ಕಡೆಯಿಂದಲೇ ಅಂದಳು, “ನಾಕ ಮಂದಿ ಹೊರೂ ದಿನ ದೂರ ಇಲ್ಲ ಬಿಡಪಾ.”

ಚನ್ನಮಲ್ಲ ಹೆದರಿದ. ಓಡುತ್ತಲೇ ಹೊಳೆಗೆ ಬಂದ. ಅಜ್ಜಾರು ಮೊಣಕಾಲುದ್ದ ನೀರಿನಲ್ಲಿ ನಿಂತು ಧೋತರ ಹಿಂಡುತ್ತಿದ್ದರು.

“ಅಜ್ಜಾರ, ನಾ ಆಕಿ ಭಾರ ಇಳಿಸಿದೆ. ಆದ್ರೂ ಯಾಕ ತಿರುಗಿ ಹೋದ್ಲು?”

ಅಜ್ಜಾರು ಧೋತರ ಹಿಂಡಿ ಮುಗಿಸಿದರು.

“ಬರೂ ಅಮಾಸಿಗೆ ನೀನೂ ಹಗುರಾಗಿ ಬಾ ತಮ್ಮಾ.”

ಅಮಾವಾಸ್ಯೆ ಬಂತು. ಮಂಜೂ ಬಂತು. ಎಲ್ಲರೂ ಬೇರೆಯವರ ಬುತ್ತಿ ಎತ್ತಿಕೊಂಡರು. ಕಲ್ಲಿನ ಮೇಲೆ ಒಂದೇ ಗಂಟು ಉಳಿಯಿತು.

“ಅಜ್ಜಾರ, ಇದು ನಿಮ್ಮದು. ನಾ ತರ್ತೀನ್ರಿ.”

“ಬ್ಯಾಡ. ಅದನ್ನ ಹೊರಾವ್ರು ಇನ್ನೂ ಬಂದಿಲ್ಲ.”

ಅಷ್ಟು ಹೇಳಿ ಅಜ್ಜಾರು ಕೈಯಲ್ಲಿದ್ದ ಹುಸೇನಸಾಬನ ಗಂಟನ್ನು ಹೆಗಲಿಗೇರಿಸಿ ಮಂಜಿನೊಳಗೆ ನಡೆದರು.

ಚನ್ನಮಲ್ಲ ಬರಿಗೈಯಲ್ಲಿ ಹತ್ತತೊಡಗಿದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೇಲಿನಿಂದ ದನಿಗಳು ಕೇಳುತ್ತಿದ್ದವು.

“ನನ್ನ ರೊಟ್ಟಿ ಎಲ್ಲಿಗೆ ಬಂತು?”

“ಹಿಂದ ಬರಾಕತ್ತೈತಿ, ತಡಿಯೋ. ನನ್ನ ಪಲ್ಯ ಚೆಲ್ಲಬ್ಯಾಡ ನೀ.”

ಯಾರೋ ನಕ್ಕರು. ಚನ್ನಮಲ್ಲ ಎಲ್ಲಿಗೆ ಬಂದನೆಂದು ಯಾರೂ ಕೇಳಲಿಲ್ಲ. ದನಿಗಳು ಸಣ್ಣಗಾದವು, ಆಮೇಲೆ ಅವೂ ಇಲ್ಲ.

ಅವನು ದಾರಿಯ ಬದಿಗೆ ಕೂತ. ಕಾಲು ನೋಯುತ್ತಿರಲಿಲ್ಲ, ಆದರೂ ಏಳಲು ಮನಸ್ಸಾಗಲಿಲ್ಲ. ಹೊಳೆ ಕಾಣದು, ಗುಡ್ಡ ಕಾಣದು. ನಿದ್ದೆಯೋ ಎಚ್ಚರವೋ ಎಂಬಂತೆ ಹಾಯಾಗಿತ್ತು. ನಾನು ಇಲ್ಲಿಂದಲೇ ತಿರುಗಿ ಹೋದರೂ ಮೇಲೆ ಯಾರ ಊಟವೂ ನಿಲ್ಲುವುದಿಲ್ಲ ಅನ್ನಿಸಿತು.

ಹಾಗನ್ನಿಸಿದ್ದೇ ತಡ, ಫಕೀರವ್ವನ ನೆನಪಾಯಿತು. ಎದ್ದು ಕೆಳಗೆ ಓಡಿದ.

ಫಕೀರವ್ವ ಮನೆಯಲ್ಲಿ ಕೂತಲ್ಲೇ ಕೂತಿದ್ದಳು.

“ಯವ್ವಾ, ಅಜ್ಜಾರ ಬುತ್ತಿ ಕೆಳಗ ಕಲ್ಲಿನ ಮ್ಯಾಲೆ ಉಳದೈತಿ. ಅವರು ಮ್ಯಾಲೆ ಹೋಗ್ಯಾರ.”

“ಒಯ್ಯಪಾ ನೀನ. ಗಟ್ಟಿ ಅದಿ.”

“ನನಗ ಮುಟ್ಟಬ್ಯಾಡ ಅಂದಾರ್ರಿ.”

“ಮತ್ತ ಯಾರು ಒಯ್ಯಾವ್ರು?”

“ಯಾರೂ ಇಲ್ರಿ.”

ಇನ್ನೊಂದು ಮಾತು ಚನ್ನಮಲ್ಲನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಗುರುವಿನ ಹತ್ತಿರ ಇಷ್ಟು ದಿನ ಇದ್ದೂ ಅವನು ಕಲಿಯದಿದ್ದ ವಿದ್ಯೆ ಅದು.

ಫಕೀರವ್ವ ಗೋಡೆಯಿಂದ ಮುಖ ತಿರುಗಿಸಿ ಕೇಳಿದಳು, “ಆ ಹಿರೀ ಜೀವ ಉಪಾಸ ಕುಂತಿರತೈತಿ?”

“ಕುಂತಿರತೈತ್ರಿ.”

“ನಾಯಿ ಬಂದು ಗಂಟು ಎಳದ್ರ?”

“ಎಳೀಬಹುದ್ರಿ.”

“ಎಂಥಾ ಮಂದ್ಯೋ ಏನೋ,” ಎಂದು ಬೈಯುತ್ತ ಆಕೆ ಗೋಡೆ ಹಿಡಿದು ಎದ್ದಳು.

ಅವರು ಬಹಳ ನಿಧಾನಕ್ಕೆ ಹತ್ತಿದರು. ಆಕೆ ನಿಂತಾಗಲೆಲ್ಲ ಚನ್ನಮಲ್ಲನ ಕೈ ತಾನಾಗಿ ಗಂಟಿನ ಕಡೆ ಹೋಗುತ್ತಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದ. ಮಂಜು ಕಾಲಿನ ಕೆಳಗೆ ಹೊಳೆಯ ಹಾಗೆ ಹರಿಯುತ್ತಿತ್ತು, ಅವರು ಅದರ ಮೇಲೆ ತೇಲುತ್ತಿದ್ದಂತಿತ್ತು.

“ನನ್ನ ಮಗಳಿಗೆ ಮಂಜಂದ್ರ ಭಾಳ ಸೇರ್ತಿತ್ತು,” ಅಂದಳು ಫಕೀರವ್ವ. ಮಗಳು ತೀರಿಕೊಂಡ ಮೇಲೆ ಆಕೆ ಅವಳ ಮಾತೆತ್ತಿದ್ದು ಅಂದೇ ಮೊದಲು.

“ಹೌದೇನ್ರಿ?”

“ಬಾಯಿ ತಗದು ನುಂಗತಿದ್ಲು, ಹುಚ್ಚಿ.”

ನಗುತ್ತಲೇ ಅತ್ತಳು. ಅಳುತ್ತಲೇ ಹತ್ತಿದಳು.

ಮೇಲೆ ಮುಟ್ಟುವಾಗ ಹೊತ್ತು ವಾಲಿತ್ತು. ಉಂಡವರು ಅಲ್ಲಲ್ಲೇ ಅಡ್ಡಾಗಿದ್ದರು. ಅಜ್ಜಾರೊಬ್ಬರೇ ಎಲೆ ಹಾಸಿಕೊಂಡು ದಾರಿಯ ಕಡೆ ಮುಖ ಮಾಡಿ ಕೂತಿದ್ದರು.

“ತಡಾತ್ರಿ ಅಜ್ಜಾರ,” ಎಂದು ಫಕೀರವ್ವ ಗಂಟನ್ನು ಮುಂದಿಟ್ಟಳು.

“ಹಸದಿದ್ನೆವ್ವಾ. ಚಲೋ ಆತು ಬಂದಿ.”

ಗಂಟು ಬಿಚ್ಚಿ, ರೊಟ್ಟಿ ಮುರಿದು ಮೊದಲು ಆಕೆಯ ಕೈಗೆ ಇಟ್ಟರು. ಫಕೀರವ್ವ ಉಂಡಳು. ಇನ್ನೊಂದು ಕೇಳಿ ಉಂಡಳು.

ಚನ್ನಮಲ್ಲ ನಿಂತೇ ಇದ್ದ. ಮೆಲ್ಲಗೆ ಕೇಳಿದ, “ಅಜ್ಜಾರ, ಯವ್ವ ಬರದಿದ್ರ ಏನ್ ಮಾಡ್ತಿದ್ರಿ?”

ಅಜ್ಜಾರು ಒಂದು ತುಂಡು ರೊಟ್ಟಿಯನ್ನು ಅವನ ಕಡೆ ಚಾಚಿದರು.

“ಮೊದ್ಲ ಕೂತು ಉಣ್ಣ ತಮ್ಮಾ. ಬರಿಗೈಲೆ ಹತ್ತಿ ಬಂದೀ, ಭಾಳ ದಣದಿರಬೇಕು.”