ಗಾಳಿ ಕಟ್ಟಿದ ಮಾನಪ್ಪ

ಬಹಳ ಹಿಂದೆ, ನೆರಳು ನೋಡಿಯೇ ಹೊತ್ತು ಹೇಳುತ್ತಿದ್ದ ಕಾಲಕ್ಕೆ, ಎರೆನೆಲದ ಒಂದೂರಲ್ಲಿ ಮಾನಪ್ಪ ಅಂತ ಒಬ್ಬ ಬಡಿಗ ಇದ್ದನಂತೆ. ಅವನು ಕೂರಿಸಿದ ಬಾಗಿಲು ಮುಚ್ಚಿದರೆ ಇರುವೆಯೂ ಹೊರಗೇ ನಿಲ್ಲಬೇಕಿತ್ತಂತೆ.

ಆ ವರ್ಷ ಜೋಳ ತುಳಿಸಿ ಕಣದಲ್ಲಿ ಗುಡ್ಡೆ ಹಾಕಿದರು. ತೂರಬೇಕೆಂದರೆ ಗಾಳಿಯೇ ಇಲ್ಲ. ಒಂಬತ್ತು ದಿನ ಒಂದೆಲೆ ಅಲುಗಲಿಲ್ಲವಂತೆ. ಪಡುವಣಕ್ಕೆ ಅಕಾಲದ ಮೋಡ ಬೇರೆ. ಮಳೆ ಬಿದ್ದರೆ ಊರಿನ ವರ್ಷದ ಕೂಳು ಕಣದಲ್ಲೇ ಮೊಳೆಯುತ್ತದೆ.

ಮಾನಪ್ಪನಿಗೆ ಸಿಟ್ಟು ಬಂತು. ಮರ ನಾನು ಹೇಳಿದ ಹಾಗೆ ಕೇಳುತ್ತದೆ, ಗಾಳಿಗೇನು ಧಾಡಿ ಅಂದನಂತೆ. ಮೂರು ದಿನದಲ್ಲಿ ಗಾಣದ ಹಾಗೆ ಹಲ್ಲಿನ ಚಕ್ರ ಕೆತ್ತಿ, ಬಾಗಿಲಗಲದ ಎಂಟು ರೆಕ್ಕೆ ಕಟ್ಟಿ, ಕಣದ ನಡುವಿನ ಮೇಟಿ ಕಂಬಕ್ಕೆ ಜೋಡಿಸಿದ. ಹೂಡಿದ್ದು ತನ್ನವೇ ಎತ್ತು, ಮಾಸ ಮತ್ತು ಕೆಂದ. ಕರುಗಳಿದ್ದಾಗಿಂದ ಹೆಂಡತಿ ಕಾಳವ್ವ ಕೈತುತ್ತು ಕೊಟ್ಟು ಸಾಕಿದವು.

ಎತ್ತು ಸುತ್ತಿದವು, ರೆಕ್ಕೆ ತಿರುಗಿದವು, ಗಾಳಿ ಬಂತು! ಹೊಟ್ಟು ಹಾರಿತು, ಕಾಳು ಕಾಲಬುಡಕ್ಕೆ ಬಿತ್ತು. ಊರು ಬಾಯಿ ಬಿಟ್ಟು ನಿಂತಿತಂತೆ. ಮುದುಕನೊಬ್ಬ, "ಎಲಾ ಬಡಗ್ಯಾ, ಇನ್ನ ವಾಯುದೇವ್ರು ನಿನ್ನ ಮನ್ಯಾಗ ಜೀತಕ್ಕಿರ್ತಾನ ಬಿಡು!" ಅಂದನಂತೆ.

ಒಬ್ಬರ ಗುಡ್ಡೆ ಮುಗಿದರೆ ಪಕ್ಕದವರದು. ನಂದೊಂದು, ನಂದೊಂದು. ಮಾಸನ ಬಾಯಲ್ಲಿ ನೊರೆ.

"ಬಿಚ್ಚೋ, ಸಾಯ್ತಾವ," ಅಂದಳು ಕಾಳವ್ವ.

"ಮೋಡ ನೋಡೇ. ಇನ್ನೊಂದ ಗುಡ್ಡಿ."

ಮೂರು ಸಲ ಅಂದಳಂತೆ. ಮೂರು ಸಲವೂ ಇನ್ನೊಂದು ಗುಡ್ಡೆ ಉಳಿದಿತ್ತಂತೆ.

ನಾಲ್ಕನೆಯ ಗುಡ್ಡೆಗೆ ಎರಡೂ ಎತ್ತು ಒಟ್ಟಿಗೆ ಕುಸಿದವು. ಮಾನಪ್ಪ ಕೊರಳ ಹಗ್ಗಕ್ಕೆ ಕೈ ಹಾಕಿದ, ಉಸಿರಿರಲಿಲ್ಲ. ಅಷ್ಟರಲ್ಲಿ ಅವನ ಬೆನ್ನ ಬೆವರು ತಣ್ಣಗಾಯಿತು. ಏನಿದು ಅಂತ ತಲೆ ಎತ್ತಿದ. ಗಾಳಿ. ಖರೇ ಗಾಳಿ. ಹನ್ನೆರಡು ದಿನ ಎಲ್ಲಿ ಸತ್ತಿತ್ತೋ, ಒಮ್ಮೆಲೇ ಬೀಸಿ ಮೋಡವನ್ನೆಲ್ಲ ಹೊಡೆದುಕೊಂಡು ಹೋಯಿತಂತೆ. ರೆಕ್ಕೆಗಳು ತಾವೇ ತಿರುಗಿದವು. ಚಕ್ರ ತಿರುಗಿತು. ನೊಗ ಎಳೆಯಿತು. ಸತ್ತ ಎತ್ತುಗಳು ಮಾನಪ್ಪನ ಕೈಯಿಂದ ಜಾರಿ ಕಣದ ಸುತ್ತ ಹೊರಟವಂತೆ. ಒಂದು ಸುತ್ತು. ಎರಡು ಸುತ್ತು. ನಿಲ್ಲು, ನಿಲ್ಲು ಅಂತ ತಾನೇ ಕೆತ್ತಿದ ಮರದ ಹಿಂದೆ ಓಡಿದನಂತೆ ಮಾನಪ್ಪ. ಊರವರು ಹಿಂದೆ ಸರಿದರು. ಕೊನೆಗೆ ಕೊಡಲಿ ತಂದು ಕಂಬ ಕಡಿದವಳು ಕಾಳವ್ವ.

ಅಲ್ಲಿಂದ ಆ ಊರಲ್ಲಿ ಮೂರು ಗುಡ್ಡೆಗೊಮ್ಮೆ ಎತ್ತು ಬಿಚ್ಚಿ ನೀರು ಕುಡಿಸುತ್ತಾರೆ, ಮೋಡ ತಲೆಯ ಮೇಲೇ ಇದ್ದರೂ. ಈಗ ರಾಶಿ ಮಾಡಲಿಕ್ಕೆ ಮಷಿನ್ ಬಂದಿದೆ. ಅದನ್ನೂ ಮೂರು ಗುಡ್ಡೆಗೊಮ್ಮೆ ನಿಲ್ಲಿಸುತ್ತಾರೆ. ಹೊರಗಿನಿಂದ ಬಂದ ಡ್ರೈವರ್, ಇನ್ನೂ ಬಿಸಿ ಆಗಿಲ್ರೀ ಅಂತ ಗೊಣಗುತ್ತಾನೆ. ಮನೆಯ ಹೆಂಗಸೊಬ್ಬಳು ಬಂದು ಇಂಜಿನ್ನಿನ ಮುಂದೆ ಒಂದು ಬಕೆಟ್ ನೀರು, ಒಂದು ಹಿಡಿ ಮೇವು ಇಟ್ಟು ಹೋಗುತ್ತಾಳೆ.